ಹೊಳೆಯಾಚೆಯ ಓದು

ಲೂಕಪ್ಪ ಸೆರೆಮನೆಯಿಂದ ಬಿಡುಗಡೆಯಾದವನು ಮನೆಗೆ ಹೋಗಲಿಲ್ಲ. ಹೋಗುವ ಮುಖ ಅವನಿಗಿರಲಿಲ್ಲ. ವಿಚಾರಿಸಿಕೊಂಡು ವಿಚಾರಿಸಿಕೊಂಡು ಹನೋಕಯ್ಯನವರ ಆಶ್ರಮಕ್ಕೆ ಬಂದ.

ತುಂಗಭದ್ರೆಯ ದಂಡೆ. ನಾಲ್ಕು ಕೋಣೆ, ಒಂದು ಬೇವಿನ ಮರ, ಮರದ ಶಿಲುಬೆ ನೆಟ್ಟ ಒಂದು ಜಗುಲಿ. ಆಶ್ರಮವೆಂದರೆ ಇಷ್ಟೇ.

"ಏನ್ ಮಾಡಿ ಬಂದೀ?" ಎಂದು ಅಯ್ಯ ಕೇಳಿದರು.

"ಲಾರಿ ಓಡಸ್ತಿದ್ದೆ ಅಯ್ಯಾ. ಸ್ಟೇರಿಂಗ್ ಮ್ಯಾಲ ನಿದ್ದಿ ಹತ್ತಿತು. ಒಬ್ಬ ಹುಡುಗ ಸೈಕಲ್ ತಳ್ಕೊಂಡು ಹೊಂಟಿದ್ದ."

ಅಯ್ಯ ಮುಂದೆ ಕೇಳಲಿಲ್ಲ. ಒಳಗಿನಿಂದ ಒಂದು ಹಳೆಯ ಪುಸ್ತಕ ತಂದು ಅವನ ಕೈಗಿಟ್ಟರು.

ಯಾವುದೋ ದೂರದ ನಾಡಿನ ಸನ್ಯಾಸಿಯೊಬ್ಬ ದೇವರ ಸಂಗಡ ಆಡಿದ ಮಾತುಗಳು. ಹಿಂದಿನ ಕಾಲದ ಪಾದ್ರಿಗಳು ಕನ್ನಡಕ್ಕೆ ತಂದದ್ದು. ಅಚ್ಚು ಹಳೆಯದು, ಭಾಷೆ ಅದಕ್ಕಿಂತ ಹಳೆಯದು. ಲೂಕಪ್ಪ ಅಕ್ಷರ ಅಕ್ಷರ ಕೂಡಿಸಿ ಓದಿದ. ಮೊದಮೊದಲು ಏನೂ ತಲೆಗೆ ಹೋಗಲಿಲ್ಲ.

ಒಂದು ಸಂಜೆ ಒಂದು ಸಾಲು ಅವನನ್ನು ಹಿಡಿದು ನಿಲ್ಲಿಸಿತು. 'ಮಗನೇ, ನಿನ್ನ ಕೈಯ ಕಲೆಯನ್ನೇ ನೋಡುತ್ತ ಕೂಡಬೇಡ. ನನ್ನ ಕೈಯ ಗಾಯವನ್ನು ನೋಡು.'

ಲೂಕಪ್ಪ ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿ ಅತ್ತ. ಅಂದು ಅವನಿಗೆ ನಿದ್ದೆ ಬಂತು.

ಆಮೇಲೆ ಆ ಪುಸ್ತಕ ಅವನ ಕಂಕುಳು ಬಿಟ್ಟು ಇಳಿಯಲಿಲ್ಲ. ನೀರು ಸೇದುವಾಗ, ಕಟ್ಟಿಗೆ ಒಡೆಯುವಾಗ ಅದರ ಸಾಲುಗಳನ್ನು ಬಾಯಲ್ಲೇ ಅಂದುಕೊಳ್ಳುತ್ತಿದ್ದ. ಮೈಗೆ ಸ್ವಲ್ಪ ಮಾಂಸ ಹತ್ತಿತು. ಒಂದೆರಡು ಸಲ ನಕ್ಕದ್ದೂ ಉಂಟು.

"ಈಗ ಹೆಂಗದೀ?" ಎಂದರು ಅಯ್ಯ.

"ಸಮಾಧಾನ ಸಿಕ್ಕೈತಿ ಅಯ್ಯಾ. ಇಷ್ಟು ಸಾಕು ನನಗ."

ಅಯ್ಯ ಹೊಳೆಯ ಕಡೆಗೆ ಕೈ ಮಾಡಿದರು.

"ಹೊಳಿ ಆಚೆ ರೆಬೆಕ್ಕವ್ವ ಅಂತ ಅದಾಳ. ನಮ್ಮ ಸಭೆಯಾಕಿನ. ಕಣ್ಣು ಮಂಜಾಗ್ಯಾವ. ಗುರುವಾರಕ್ಕೊಮ್ಮೆ ಹೋಗಿ ಈ ಪುಸ್ತಕ ಓದಿ ಬಾ."

ಲೂಕಪ್ಪ ಖುಷಿಯಿಂದ ಹೊರಟ. ತನ್ನಿಂದಲೂ ಒಬ್ಬರಿಗೆ ಉಪಕಾರವಾಗುವುದಲ್ಲ ಎಂದುಕೊಂಡ.

ರೆಬೆಕ್ಕವ್ವ ಮಾತು ಕಡಿಮೆಯ ಹೆಂಗಸು. ಗೋಡೆಗೆ ಒರಗಿ, ಕಾಲು ನೀಡಿ, ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳುತ್ತಿದ್ದಳು. ಓದು ಮುಗಿದ ಮೇಲೆ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಒಳ್ಳೆಯದಾಯಿತು ಎಂದೂ ಹೇಳಳು, ಸಾಕು ಎಂದೂ ಹೇಳಳು.

ಹಾಗೆ ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು.

ಒಂದು ಗುರುವಾರ ಅವನು ಹೋದಾಗ ಆಕೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದಳು. ಮುಂದೆ ಒಂದು ಮೇಣದ ಬತ್ತಿ ಉರಿಯುತ್ತಿತ್ತು.

"ಇವತ್ತು ಏನ ವಿಶೇಷ ಅವ್ವಾ?"

"ನನ್ನ ಮಗ ತೀರಿದ ದಿನ. ಒಬ್ಬನ ಇದ್ದ. ಆಮೋಸ ಅಂತ."

ಲೂಕಪ್ಪನ ಕೈಯಲ್ಲಿದ್ದ ಹಾಳೆ ಮಗುಚದೆ ನಿಂತಿತು.

"ಸಕ್ಕರಿ ಫ್ಯಾಕ್ಟರಿ ತಿರುವಿನಾಗ ಲಾರಿ ಹಾಯ್ತು. ಸೈಕಲ್ ಪಂಕ್ಚರ್ ಆಗಿತ್ತಂತ. ತಳ್ಕೊಂಡು ಬರಾಕತ್ತಿದ್ದ. ಅವ ಹೋದ ಮ್ಯಾಲ ಆ ಊರಾಗ ಇರಾಕ ಆಗಲಿಲ್ಲ. ತವರಿಗೆ ಬಂದು ಬಿಟ್ಟೆ."

ಆ ಹೆಸರನ್ನು ಲೂಕಪ್ಪ ಕೋರ್ಟಿನಲ್ಲಿ ಕೇಳಿದ್ದ. ಗುಮಾಸ್ತ ಅದನ್ನು ಓದಿದಾಗ ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದಿದ್ದ. ಇಲ್ಲಿ ಹಿಡಿಯಲು ಏನೂ ಇರಲಿಲ್ಲ.

ಪುಸ್ತಕ ನೆಲಕ್ಕೆ ಬಿತ್ತು. ಅವನು ಎದ್ದು ಓಡಿದ. ಚಪ್ಪಲಿ ಅಲ್ಲೇ ಉಳಿಯಿತು. ಹರಿಗೋಲಿನವನು ಏನಾಯ್ತು ಎಂದು ಕೂಗಿದರೂ ಅವನ ಕಿವಿಗೆ ಬೀಳಲಿಲ್ಲ. ಹೊಳೆ ದಾಟುವಷ್ಟು ಹೊತ್ತೂ ತನ್ನ ಎರಡು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ.

ಹನೋಕಯ್ಯ ಬೇವಿನ ಕೆಳಗೆ ಅಕ್ಕಿ ಆರಿಸುತ್ತಿದ್ದರು.

"ಆಕಿ ಯಾರು ಅಂತ ನಿಮಗ ಗೊತ್ತಿತ್ತಾ?" ಲೂಕಪ್ಪನ ಧ್ವನಿ ಒಡೆದಿತ್ತು.

"ಗೊತ್ತಿತ್ತು."

ಅವನು ಬೇರೆ ಉತ್ತರ ಬರಲೆಂದು ಹೊಳೆಯುದ್ದಕ್ಕೂ ಬೇಡಿಕೊಂಡಿದ್ದ.

"ಗೊತ್ತಿದ್ದೂ ಕಳಿಸಿದ್ರಿ? ಆ ಮುದುಕಿ ನನ್ನ ಬಾಯಿಂದ ಪ್ರಾರ್ಥನಿ ಕೇಳ್ಯಾಳಲ್ಲ ಅಯ್ಯಾ! ನನಗ ಮಜ್ಜಿಗಿ ಕೊಟ್ಟಾಳ! ಆಕಿಗೆ ಗೊತ್ತಾದ್ರ ಎದಿ ಒಡೀತೈತಿ!"

"ಆಕಿಗೆ ಗೊತ್ತೈತಿ."

"ಏನಂದ್ರಿ?"

"ನೀ ಇಲ್ಲಿಗೆ ಬಂದದ್ದು ಕೇಳಿ ಆಕಿನ ಹೇಳಿ ಕಳಿಸಿದ್ಲು. 'ಅವನ್ನ ಕಳಸ್ರಿ. ಅವನ ಬಾಯಿಂದ ನಾ ಕೇಳಬೇಕು' ಅಂದ್ಲು."

ಲೂಕಪ್ಪ ಹೊಳೆಯಾಚೆ ತಿರುಗಿ ನೋಡಿದ. ಅಷ್ಟು ಗುರುವಾರಗಳೂ ಆಕೆ ಆ ಮಂಜುಗಣ್ಣಿನಿಂದ ತನ್ನ ಕಡೆಗೇ ನೋಡುತ್ತ ಕೂತಿದ್ದಳಲ್ಲ! ಎಲ್ಲ ಗೊತ್ತಿದ್ದೂ!

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಹೋಗ್ತಿದ್ದೇನು?"

"ಇಲ್ಲ."

ಅಯ್ಯ ಮೊರ ಕೆಳಗಿಟ್ಟರು. "ನನಗೂ ಅಂಜಿಕಿ ಇತ್ತಪ್ಪ. ನೀ ಹೊಳಿ ದಾಟಿದ ದಿನ ನೀ ಬರೂಮಟ ನನಗ ತುತ್ತು ಇಳೀತಿರಲಿಲ್ಲ. ಮಾಡಿದ್ದು ಸರೀನೋ ತಪ್ಪೋ ಈಗೂ ಗೊತ್ತಿಲ್ಲ."

ಇದು ಲೂಕಪ್ಪನಿಗೆ ಇನ್ನೊಂದು ಪೆಟ್ಟು. ಅಯ್ಯನಿಗೆ ಎಲ್ಲ ಗೊತ್ತಿರುತ್ತದೆ ಎಂದು ಅವನು ನಂಬಿದ್ದ.

"ಆ ಪುಸ್ತಕದಾಗ ನನಗ ಸಮಾಧಾನ ಸಿಕ್ಕಿತ್ತು," ಎಂದ. "ಅದನ್ನೂ ಕಸಕೊಂಡ್ರಿ."

"ಗಾಯಕ್ಕ ಹಚ್ಚಿಕೊಳ್ಳಾಕ ಕೊಟ್ಟಿದ್ದೆ. ನೀ ತಲಿದಿಂಬು ಮಾಡಿಕೊಂಡಿ."

ಲೂಕಪ್ಪ ತನ್ನ ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟಿದ. ಈ ಹೊಳೆ, ಈ ಊರು ಯಾವುದೂ ಬೇಡ. ಗಂಟು ಹೆಗಲಿಗೇರಿಸಿ ಹೊರಗೆ ಬಂದರೆ ಬೇವಿನ ಕೆಳಗೆ ಅಯ್ಯ ಇರಲಿಲ್ಲ.

ಅವರು ಹರಿಗೋಲಿನಲ್ಲಿ ಕೂತಿದ್ದರು. ನೀರೆಂದರೆ ಹೆದರುವ ಮನುಷ್ಯ. ಈಜು ಬಾರದು. ಎರಡು ಕೈಯಲ್ಲೂ ಅಂಚನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು.

"ಎಲ್ಲಿಗೆ ಅಯ್ಯಾ?"

"ನೀ ಹೋಗಲಿಲ್ಲಂದ್ರ ನಾ ಹೋಗಬೇಕಲ್ಲ. ಓದು ಅರ್ಧಕ್ಕ ನಿಂತೈತಿ. ಆಕಿ ಕಾಯ್ತಿರತಾಳ."

ಲೂಕಪ್ಪ ದಂಡೆಯ ಮೇಲೆ ನಿಂತೇ ಇದ್ದ. ಹರಿಗೋಲಿನವನು ಹುಟ್ಟು ಎತ್ತಿದ. ಅಯ್ಯನ ಬೆರಳುಗಳು ಅಂಚಿನ ಮೇಲೆ ಬೆಳ್ಳಗಾಗಿದ್ದವು.

ಗಂಟನ್ನು ಮರಳ ಮೇಲೆ ಎಸೆದು ಲೂಕಪ್ಪ ನೀರಿಗಿಳಿದ. ಹರಿಗೋಲು ಹತ್ತಿ ಅಯ್ಯನ ಪಕ್ಕ ಕೂತ.

ಆಚೆ ದಂಡೆ ಬಂದಾಗ ಅಯ್ಯ ಇಳಿಯಲಿಲ್ಲ. "ನಾ ಇಲ್ಲೇ ಇರ್ತೀನಿ," ಎಂದರು.

ರೆಬೆಕ್ಕವ್ವ ಕೂತಲ್ಲೇ ಕೂತಿದ್ದಳು. ಬಿದ್ದ ಪುಸ್ತಕವನ್ನು ತಡಕಾಡಿ ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಬಂದೀ?"

ಲೂಕಪ್ಪ ಹೊಸ್ತಿಲ ಹೊರಗೇ ಮೊಣಕಾಲೂರಿದ. "ನಾ... ನಿಮ್ಮ ಆಮೋಸನ..."

"ಗೊತ್ತೈತಿ. ಅದನ್ನ ಹೇಳಬ್ಯಾಡ. ಇವತ್ತೊಂದ ದಿನ ಹೇಳಬ್ಯಾಡ."

ಅವನು ತಲೆ ಎತ್ತಲಿಲ್ಲ.

"ಮೊದಲು ನಿನ್ನ ಶಪಿಸಬೇಕಂತ ಕರಿಸಿದ್ದೆ," ಎಂದಳು ರೆಬೆಕ್ಕವ್ವ. "ನೀ ದೇವರ ಮಾತು ಓದೂದು ಕೇಳಬೇಕು, ಅದರಾಗಿನ ಸುಳ್ಳು ಹಿಡೀಬೇಕು, ಆಮೇಲೆ ಮಾರಿಗೆ ಉಗುಳಬೇಕು ಅಂದ್ಕೊಂಡಿದ್ದೆ. ಈ ಪುಸ್ತಕ ನಮ್ಮಪ್ಪ ದಿನಾ ಓದ್ತಿದ್ದ. ನನಗ ಬಾಯಿಪಾಠ ಐತಿ. ನೀ ಪ್ರತಿ ಸಲ ಒಂದು ಪ್ರಾರ್ಥನಿ ಬಿಟ್ಟು ಮುಂದ ಹೋಗ್ತೀ. ಯಾಕ ಬಿಡ್ತೀ?"

ನೋಯಿಸಿದವನಿಗಾಗಿ ನೊಂದವರು ಮಾಡುವ ಪ್ರಾರ್ಥನೆ ಅದು. ಇದನ್ನು ಯಾರ ಮುಂದೆಯೂ ಓದುವ ಹಕ್ಕು ತನಗಿಲ್ಲ ಎಂದು ಅವನು ಹಾಳೆ ಮಗುಚುತ್ತಿದ್ದ. ಕೇಳುವವಳಿಗೆ ತಿಳಿಯುವುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನಾ ಓದಿದ್ರ ನನಗಾಗಿ ಬೇಡಿಕೊಂಡಂಗ ಆಗ್ತದ ಅವ್ವಾ."

"ಅದಕ್ಕ ನಾ ಉಗುಳಲಿಲ್ಲ," ಎಂದಳು ಆಕೆ. ಪುಸ್ತಕ ಮುಂದೆ ಚಾಚಿದಳು. "ಇವತ್ತು ಅದನ್ನ ಓದು."

ಅವನು ಹೊಸ್ತಿಲು ದಾಟಿ ಒಳಗೆ ಬಂದು ಕೂತ. ಅಕ್ಷರಗಳು ಕಣ್ಣೀರಲ್ಲಿ ಅಲುಗುತ್ತಿದ್ದವು.

'ಕರ್ತನೇ, ನನ್ನನ್ನು ನೋಯಿಸಿದವನ ಹೆಸರನ್ನು ನಿನ್ನ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಅವನ ಒಲೆ ಆರದಿರಲಿ. ಅವನು ಹೊಟ್ಟೆತುಂಬ ಉಣ್ಣಲಿ. ಅವನು...'

ಮುಂದಿನ ಪದ ಲೂಕಪ್ಪನ ಬಾಯಿಂದ ಹೊರಡಲಿಲ್ಲ.

ರೆಬೆಕ್ಕವ್ವ ಕಾದಳು. ಆಮೇಲೆ ತಾನೇ ಹೇಳಿದಳು. ಒಂದೊಂದು ಅಕ್ಷರವನ್ನೂ ಬಾವಿಯಿಂದ ಎಳೆದಂತೆ ಹೇಳಿದಳು.

"ಅವನು... ನಿದ್ರಿಸಲಿ."

ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ನಿದ್ದೆಯೇ ಆಕೆಯ ಮಗನನ್ನು ಕೊಂದದ್ದು. ಲೂಕಪ್ಪ ದಂಗಾಗಿ ಆಕೆಯನ್ನೇ ನೋಡಿದ. ಕೋರ್ಟು, ಸೆರೆಮನೆ ಯಾವುದೂ ಅವನನ್ನು ಹೀಗೆ ಅಲ್ಲಾಡಿಸಿರಲಿಲ್ಲ.

ಇನ್ನೊಂದೇ ಸಾಲು ಉಳಿದಿತ್ತು. 'ನಾನು ಅವನನ್ನು ಬಿಡುಗಡೆ ಮಾಡಿದ್ದೇನೆ.' ಆಕೆಯ ತುಟಿ ಅಲುಗಿತು, ನಿಂತಿತು. ಅವನೂ ಬಾಯಿ ತೆರೆದ, ಮುಚ್ಚಿದ.

"ಇದು ಇನ್ನೂ ನನ್ನ ಕೈಲೆ ಆಗೂದಿಲ್ಲ," ಎಂದಳು. "ಸುಳ್ಳು ಹೇಳಾಂಗಿಲ್ಲ ನಾ. ಬರೂ ಗುರುವಾರ ಬಾ."

ಲೂಕಪ್ಪ ದಂಡೆಗೆ ಬಂದಾಗ ಅಯ್ಯ ಅದೇ ಹರಿಗೋಲಿನಲ್ಲಿ, ಅಂಚು ಹಿಡಿದೇ ಕೂತಿದ್ದರು.

"ಓದು ಮುಗೀತೇನು?"

"ಕಡೀ ಸಾಲು ಉಳೀತು ಅಯ್ಯಾ. ನನ್ನ ಬಾಯಾಗೂ ಬರಲಿಲ್ಲ, ಆಕಿ ಬಾಯಾಗೂ ಬರಲಿಲ್ಲ. ಹಂಗಾದ್ರ ಅದನ್ನ ಯಾರು ಹೇಳಬೇಕು?"

ಹನೋಕಯ್ಯ ಮೊದಲ ಸಲ ಅಂಚಿನಿಂದ ಕೈ ತೆಗೆದು ಅವನ ಭುಜದ ಮೇಲೆ ಇಟ್ಟರು.

"ಬರೂ ಗುರುವಾರ ಹೋದಾಗ, ನಿಮ್ಮಿಬ್ಬರ ನಡಕ ಆ ಕೈಯಾಗ ಗಾಯ ಇದ್ದಾತ ಕೂಡುವಷ್ಟು ಜಾಗ ಬಿಟ್ಟು ಕೂತ್ಕೋ."