ಬಾವಿಕಟ್ಟೆಯಲ್ಲಿ ಪಾಸಾದ ಪುಸ್ತಕ

ಬಹಳ ಬಹಳ ಹಿಂದೆ, ರಾಣಿ ಮುಖದ ರೂಪಾಯಿ ನಡೆಯುತ್ತಿದ್ದ ಕಾಲಕ್ಕೆ, ನಮ್ಮ ಹುಣಸಿಹೊಂಡದಲ್ಲಿ ಅಡವೆಪ್ಪ ಅಂತ ಹೆಡ್‌ಮಾಸ್ತರರು ಇದ್ದರಂತೆ. ಏಳಡಿ ಎತ್ತರ ಇದ್ದರು ಅಂತ ಹೇಳುವವರೂ ಇದ್ದಾರೆ. ಅದು ಬರೀ ಬಡಾಯಿ. ಹಟಮಾರಿ ಇದ್ದರು ಅನ್ನೋದು ಮಾತ್ರ ಖರೆ.

ಊರ ಮಂದಿ ಆಡುವುದು ಕನ್ನಡ, ಸಾಲಿಯಲ್ಲಿ ಕಲಿಸುವುದು ಮರಾಠಿ. ಆಗ ಸರಕಾರದ ಪದ್ಧತಿಯೇ ಹಾಗಿತ್ತಂತೆ. ಹುಡುಗರು ಗಿಳಿ ಹಾಗೆ ಒದರುತ್ತಿದ್ದರು, ಅರ್ಥ ಮಾತ್ರ ಏನೂ ತಿಳಿಯದು. ಒಂದು ಸಲ ಸಾಲಿ ತಪಾಸಣೆಗೆ ಬಂದ ದಿಪೋಟಿ ಸಾಹೇಬ, ‘ನಾಕ’ ತೋರಿಸಿರಿ ಎಂದು ಮರಾಠಿಯಲ್ಲಿ ಕೇಳಿದನಂತೆ. ಅವನ ಮಾತಿನಲ್ಲಿ ನಾಕ ಅಂದರೆ ಮೂಗು. ನಮ್ಮ ಮಾತಿನಲ್ಲಿ? ಹುಡುಗರೆಲ್ಲ ಸೇರಿ ನಾಲ್ಕು ಬೆರಳು ಎತ್ತಿದರಂತೆ! ನಗಬೇಡಿ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ. ದಿಪೋಟಿ ಕೆಂಡವಾದ. ಬರುವ ವರ್ಷವೂ ಹೀಗೇ ಆದರೆ ಸಾಲಿಗೆ ಕೀಲಿ ಜಡಿಯುತ್ತೇನೆ ಎಂದು ಹೇಳಿ ಹೋದ.

ಸಾಲಿ ಮುಚ್ಚಿದರೆ ಹುಡುಗರಿಗೆ ದನ ಕಾಯುವುದೇ ಗತಿ. ಮಾಸ್ತರರು ಹಟ ತೊಟ್ಟರಂತೆ. ಮರಾಠಿ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಒಗೆದು, ತಾವೇ ಕನ್ನಡದಲ್ಲಿ ಪಾಠ ಬರೆಯಲು ಕುಳಿತರಂತೆ. ಬರೆದದ್ದನ್ನು ಮೊದಲು ಓದುತ್ತಿದ್ದುದು ಎಲ್ಲಿ ಗೊತ್ತೇನು? ಹೆಣ್ಣುಮಕ್ಕಳು ನೀರು ಸೇದುವ ಬಾವಿಕಟ್ಟೆಯಲ್ಲಿ. ಅವರಿಗೆ ತಿಳಿಯದ ಮಾತು ಪುಸ್ತಕದಲ್ಲಿ ಉಳಿಯುತ್ತಿರಲಿಲ್ಲ. ಒಂದು ದಿನ ‘ಜನನಿ’ ಎಂದು ಓದಿದರಂತೆ. ಮುದುಕಿ ದುಂಡವ್ವ ಕೊಡ ಕೆಳಗಿಟ್ಟು, “ಯಾರ ಮನಿಯಾಕಿರೀ ಆ ಜನನಿ? ನಮ್ಮೂರಾಗ ಅಂಥಾಕಿ ಯಾರೂ ಇಲ್ಲ” ಅಂದಳಂತೆ. ಮಾಸ್ತರರು ಅಲ್ಲೇ ಆ ಮಾತನ್ನು ಹೊಡೆದುಹಾಕಿ ‘ಅವ್ವ’ ಎಂದು ಬರೆದರು.

ವರ್ಷ ತಿರುಗಿತು. ದಿಪೋಟಿ ಬಂದ, ಕೀಲಿಯನ್ನೂ ತಂದ. ಅವನ ಗಾಡಿಯವನು ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದನಂತೆ. ಕನ್ನಡ ಪುಸ್ತಕ ಕಂಡು ಸಾಹೇಬ ಕಣ್ಣು ಕೆಂಪಗೆ ಮಾಡಿದ. ಮಾಸ್ತರರು ಜಗ್ಗಲಿಲ್ಲ. ಮೊದಲು ಕೇಳಿ, ಆಮೇಲೆ ಬೇಕಾದರೆ ಕೀಲಿ ಹಾಕಿ ಎಂದರಂತೆ. ಒಬ್ಬ ಹುಡುಗ ಎದ್ದು ಕಳೆದುಹೋದ ಕರುವಿನ ಪಾಠ ಓದಿದ. ಮಳೆ ಬಂತು, ಹಳ್ಳ ತುಂಬಿತು, ಕರು ಆಚೆ ದಂಡೆಯಲ್ಲಿ ಒದರುತ್ತಿತ್ತು ಅನ್ನುವಲ್ಲಿಗೆ ದಿಪೋಟಿ ಸಾಕು ಎಂದು ಕೈ ಎತ್ತಿದ.

ಗಾಡಿಯವನಿಗೆ ತಡೆಯಲಾಗಲಿಲ್ಲ. “ಆಮ್ಯಾಲ? ಕರಾ ಸಿಕ್ಕಿತೇನೋ ತಮ್ಮಾ?” ಅಂದುಬಿಟ್ಟ.

ದಿಪೋಟಿ ಅವನ ಮುಖ ನೋಡಿದ, ಹುಡುಗನ ಮುಖ ನೋಡಿದ. ಎಷ್ಟೋ ಸಾಲಿ ತಿರುಗಿದ್ದರೂ, ಪಾಠ ಕೇಳಿ ಆಮೇಲೇನಾಯಿತು ಅಂದವರನ್ನು ಅವನು ಕಂಡಿರಲಿಲ್ಲವಂತೆ. ಮುಂದೆ ಓದು ಎಂದನಂತೆ. ಕೀಲಿ ಬಂದ ಗಾಡಿಯಲ್ಲೇ ವಾಪಸ್ ಹೋಯಿತು.

ಇವತ್ತಿಗೂ ನಮ್ಮೂರಲ್ಲಿ ಮದುವೆ ಕಾರ್ಡಿರಲಿ, ಪಂಚಾಯಿತಿ ನೋಟೀಸಿರಲಿ, ಅಚ್ಚಿಗೆ ಹೋಗುವ ಮೊದಲು ಓದು ಬಾರದ ಒಬ್ಬ ಮುದುಕಿಯ ಮುಂದೆ ಓದುತ್ತಾರೆ. ಅವಳು ಹೂಂ ಅನ್ನುವ ತನಕ ಪ್ರೆಸ್ಸಿನವನು ಕಾಯಬೇಕು. ಈಗಿನ ಹುಡುಗರು ಗೊಣಗುತ್ತಾರೆ. ಗೊಣಗುತ್ತಲೇ ಓದುತ್ತಾರೆ.