ದಿಬ್ಬದ ಮೇಲಿನ ಕೂಗು

ಆ ಜಿಂಕೆಗಳ ಹಿಂಡಿನಲ್ಲಿ ಒಂದು ಕಟ್ಟಳೆಯಿತ್ತು. ಹಿಂಡು ನೀರಿಗಿಳಿದಾಗ ದಿಬ್ಬದ ಮೇಲೆ ನಿಂತು ಕಾಯುವುದು, ಅಪಾಯ ಕಂಡರೆ ಕೂಗುವುದು ಹಿಂಡಿನ ಯಜಮಾನನಾದ ಗಂಡು ಜಿಂಕೆಯ ಕೆಲಸ. ಹೆಣ್ಣು ಜಿಂಕೆಗೆ ಅನುಮಾನ ಬಂದರೆ ಅವಳು ಯಜಮಾನನಿಗೆ ತಿಳಿಸಬೇಕು. ಸರಿಯೆನಿಸಿದರೆ ಅವನು ಕೂಗುತ್ತಾನೆ.

ಒಂದು ಸಂಜೆ ಮರಿಯೊಂದು ಹಳ್ಳದಂಚಿನ ಜೊಂಡುಹುಲ್ಲಿನ ಬಳಿ ನೀರು ಕುಡಿಯುತ್ತಿತ್ತು. ಅದರ ತಾಯಿ ಮೂಗೆತ್ತಿದವಳೇ ದಿಬ್ಬಕ್ಕೆ ಓಡಿದಳು.

“ಯಜಮಾನರೇ, ಜೊಂಡಿನಲ್ಲಿ ಹುಲಿಯಿದೆ. ಬೇಗ ಕೂಗಿ.”

“ನನಗೇನೂ ಕಾಣುತ್ತಿಲ್ಲವಲ್ಲ ತಂಗಿ. ಹೆಂಗಸರಿಗೆ ಹುಲ್ಲು ಅಲುಗಿದರೂ ಹುಲಿಯೇ.”

“ಹುಲ್ಲು ಅಲುಗಿಲ್ಲ. ವಾಸನೆ ಬರುತ್ತಿದೆ.”

“ನಿನ್ನ ಮಾತು ನಂಬಿ ಕೂಗಿ, ಹುಲಿ ಬರದೇಹೋದರೆ ನನ್ನ ಮರ್ಯಾದೆಯ ಗತಿ?”

“ಬಂದರೆ ನನ್ನ ಮರಿಯ ಗತಿ?”

ಅವಳು ಉತ್ತರಕ್ಕೆ ಕಾಯಲಿಲ್ಲ. ದಿಬ್ಬದ ಮೇಲೆ ಅವನ ಪಕ್ಕದಲ್ಲೇ ನಿಂತು ಕೂಗಿದಳು.

ಹಿಂಡು ಕತ್ತೆತ್ತಿ ನೋಡಿತು. ಕೂಗಿದ್ದು ಹೆಣ್ಣೆಂದು ಕಂಡು, ಯಜಮಾನನ ಕೂಗಿಗಾಗಿ ಅಲ್ಲೇ ನಿಂತಿತು. ಮರಿ ಮಾತ್ರ ಓಡಿತು. ಅದಕ್ಕೆ ಕಟ್ಟಳೆ ಇನ್ನೂ ಗೊತ್ತಿರಲಿಲ್ಲ. ಅಮ್ಮನ ದನಿ ಗೊತ್ತಿತ್ತು.

ಹುಲಿ ನೆಗೆದು ಬಿದ್ದದ್ದು ಬರಿಯ ನೀರಿಗೆ. ಆಮೇಲೆ ಹಿಂಡೂ ದಿಕ್ಕಾಪಾಲಾಗಿ ಓಡಿ ಹೇಗೋ ಉಳಿಯಿತು.

ದೂರದ ಬಯಲಿನಲ್ಲಿ ಏದುಸಿರು ಬಿಡುತ್ತ ಯಜಮಾನ ಹೇಳಿದ: “ಭೇಷ್ ತಂಗಿ! ನಾಳೆ ಎಲ್ಲರ ಮುಂದೆ ನಿನಗೊಂದು ಬಳ್ಳಿಯ ಹಾರ ಹಾಕಿಸುತ್ತೇನೆ.”

“ಹಾರ ಬೇಡ ಯಜಮಾನರೇ,” ಎಂದಳು ಅವಳು. “ನಾಳೆ ನಾನು ಕಾಯುತ್ತೇನೆ. ನೀವು ಹಿಂಡಿನ ಜೊತೆ ಇಳಿದು ನೀರು ಕುಡಿಯಿರಿ. ನಾನು ಕೂಗಿದರೆ ಓಡಿ.”