ಉಪ್ಪಿನ ಹರಳು ಚೌಕವಾದದ್ದು

ಭೂಮಿ ಆಗಷ್ಟೇ ಹುಟ್ಟಿ, ಅದರ ಮೈ ಇನ್ನೂ ಬೆಚ್ಚಗಿದ್ದ ಕಾಲ ಅದು, ಮಗಾ. ಮರವಿಲ್ಲ, ಹಕ್ಕಿಯಿಲ್ಲ. ಸಮುದ್ರವಿತ್ತು, ಆದರೆ ಅದರ ನೀರು ಬರೀ ಸಪ್ಪೆ.

ಕಣ್ಣಿಗೆ ಕಾಣದಷ್ಟು ಪುಟ್ಟ ಪರಮಾಣುಗಳು ಆಗ ಲೋಕದ ತುಂಬ ಅಲೆಯುತ್ತಿದ್ದವು. ಒಂದೊಂದರ ಸುತ್ತಲೂ ಎಲೆಕ್ಟ್ರಾನ್ ಎಂಬ ಇನ್ನೂ ಪುಟ್ಟ ಮರಿಗಳು ಸುತ್ತು ಸುತ್ತಾಗಿ ತಿರುಗುತ್ತಿದ್ದವು. ಹೊರಸುತ್ತಿನಲ್ಲಿ ಎಂಟು ಮರಿಗಳು ತುಂಬಿದರೆ ಹೆಚ್ಚಿನ ಪರಮಾಣುಗಳಿಗೆ ನೆಮ್ಮದಿ. ನಿಯಾನ್ ಅಜ್ಜನಿಗೆ ಎಂಟೂ ಇದ್ದವು. ಅವನು ಯಾರ ಗೊಡವೆಗೂ ಹೋಗದೆ ತನ್ನ ಪಾಡಿಗೆ ತಾನಿರುತ್ತಿದ್ದ.

ಸೋಡಿಯಂಗೆ ಆ ನೆಮ್ಮದಿ ಇರಲಿಲ್ಲ. ಅವನ ಒಳಸುತ್ತುಗಳು ತುಂಬಿದ್ದವು. ಎಲ್ಲಕ್ಕಿಂತ ಹೊರಗೆ ಒಂದೇ ಒಂದು ಮರಿ ಒಂಟಿಯಾಗಿ ತಿರುಗುತ್ತಿತ್ತು. ಅದು ಅವನನ್ನು ಒಂದು ಗಳಿಗೆಯೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ದಾಹ ತಣಿಸಿಕೊಳ್ಳೋಣವೆಂದು ಅವನು ನೀರಿಗಿಳಿದರೆ ಚುರ್ರೆಂದು ಬೆಂಕಿ ಏಳುತ್ತಿತ್ತು. ಇನ್ನು ಹತ್ತಿರ ಬರಬೇಡಪ್ಪ ಎಂದು ನೀರಮ್ಮ ಬೇಡಿಕೊಂಡಳು.

ಅವನು ದೂರದ ಬಂಡೆಯ ಮೇಲೆ ನಿಂತು, ನೀವೆಲ್ಲ ಹೇಗೆ ಇಷ್ಟು ಚೆನ್ನಾಗಿ ಕೂಡಿಕೊಂಡಿದ್ದೀರಿ ಎಂದು ಕೇಳಿದ. ನೀರಮ್ಮ ತನ್ನ ಒಡಲಿನ ಗುಟ್ಟು ಹೇಳಿದಳು. ಅವಳಲ್ಲಿ ಒಬ್ಬ ಆಕ್ಸಿಜನ್, ಇಬ್ಬರು ಹೈಡ್ರೋಜನ್ ಇದ್ದರು. ಅವರು ಮರಿಗಳನ್ನು ನಡುವೆ ಇಟ್ಟುಕೊಂಡು ಹಂಚಿಕೊಂಡಿದ್ದರು. ಹಾಗಾಗಿ ಯಾರೂ ಯಾರನ್ನೂ ಬಿಟ್ಟು ಹೋಗುತ್ತಿರಲಿಲ್ಲ.

"ನಿನ್ನ ದಾರಿ ಬೇರೆ ಕಣಪ್ಪಾ," ಎಂದಳು ನೀರಮ್ಮ. "ನೀನು ಹಂಚಿಕೊಳ್ಳೋದಲ್ಲ, ಕೊಟ್ಟೇಬಿಡಬೇಕು."

ಸೋಡಿಯಂ ಆ ಮಾತಿಗೆ ಹೆದರಿದ. ಇರುವ ಒಂದನ್ನೂ ಕೊಟ್ಟರೆ ತನ್ನ ಗತಿಯೇನು?

ಕಣಿವೆಯ ಆಚೆ ಕ್ಲೋರಿನ್ ಇದ್ದಳು, ಹಸಿರು ಹಳದಿ ಹೊಗೆಯಂಥವಳು. ಅವಳ ಹೊರಸುತ್ತಿನಲ್ಲಿ ಏಳು ಮರಿಗಳಿದ್ದವು, ಎಂಟನೆಯದಕ್ಕೆ ಜಾಗ ಖಾಲಿ. ಆ ಒಂದಕ್ಕಾಗಿ ಅವಳು ಎದುರಿಗೆ ಬಂದವರಿಂದೆಲ್ಲ ಕಿತ್ತುಕೊಳ್ಳಲು ಹೋಗುತ್ತಿದ್ದಳು. ಅದಕ್ಕೇ ಅವಳ ನೆರಳು ಕಂಡರೆ ಎಲ್ಲರೂ ಓಡುತ್ತಿದ್ದರು.

ಇಬ್ಬರ ಸಂಕಟವನ್ನೂ ಬಲ್ಲ ಗಾಳಿ ಒಂದು ಬೆಳಗ್ಗೆ ಕ್ಲೋರಿನ್‌ಳನ್ನು ಮೆಲ್ಲಗೆ ತಳ್ಳಿಕೊಂಡು ಬಂದು ಸೋಡಿಯಂ ಮುಂದೆ ನಿಲ್ಲಿಸಿತು. ಅವನು ಹಿಂದಕ್ಕೆ ಸರಿದ. ಓಡಲು ಮಾತ್ರ ಹೋಗಲಿಲ್ಲ. ತನ್ನನ್ನು ಕಂಡು ಓಡದೆ ನಿಂತವನನ್ನು ಕ್ಲೋರಿನ್ ಮೊದಲ ಸಲ ನೋಡುತ್ತಿದ್ದಳು. ಚಾಚಿದ ಕೈಯನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು.

"ಅಣ್ಣಾ, ನಾನು ಕಿತ್ಕೊಳ್ಳೋದಿಲ್ಲ," ಎಂದಳು. "ನೀನಾಗಿ ಕೊಟ್ಟರೆ ಇಟ್ಕೊಳ್ತೀನಿ."

ಸೋಡಿಯಂ ತನ್ನ ಒಂಟಿ ಮರಿಯ ಕಡೆ ನೋಡಿದ. "ಕೊಟ್ಟ ಮೇಲೂ ನಾನು ಸೋಡಿಯಂ ಆಗೇ ಇರ್ತೀನಾ?" ಎಂದು ಕೇಳಿದ.

"ನನಗೂ ಗೊತ್ತಿಲ್ಲಣ್ಣಾ," ಎಂದಳು ಕ್ಲೋರಿನ್.

ಆ ಮಾತಿನಲ್ಲಿ ಮೋಸವಿಲ್ಲವೆಂದು ಅವನಿಗೆ ಅನ್ನಿಸಿತು. ಅವನು ಕಣ್ಣು ಮುಚ್ಚಿ ತನ್ನ ಒಂಟಿ ಮರಿಯನ್ನು ಬಿಟ್ಟುಕೊಟ್ಟ.

ಫಕ್ಕನೆ ಹಳದಿ ಬೆಳಕು ಹೊತ್ತಿ ಆರಿತು. ಸೋಡಿಯಂ ಕಣ್ಣು ಬಿಟ್ಟು ನೋಡಿಕೊಂಡ. ಅವನ ಒಳಗಿನ ತುಂಬಿದ ಸುತ್ತೇ ಈಗ ಹೊರಸುತ್ತಾಗಿತ್ತು. ಅದರಲ್ಲಿ ಎಂಟೂ ಇದ್ದವು. ಕ್ಲೋರಿನ್‌ಗೂ ಎಂಟು. ಅವನ ಚಡಪಡಿಕೆ ನಿಂತಿತ್ತು, ಅವಳ ಘಾಟು ಇಳಿದಿತ್ತು.

ಬರುತ್ತೇನಮ್ಮ ಎಂದು ಕ್ಲೋರಿನ್‌ಗೆ ಹೇಳಿ ಸೋಡಿಯಂ ಹೊರಟರೆ ಹೆಜ್ಜೆಯೇ ಮುಂದೆ ಹೋಗಲಿಲ್ಲ. ಎಲೆಕ್ಟ್ರಾನ್ ಮರಿಯಲ್ಲಿ ಋಣ ವಿದ್ಯುತ್ ಇರುತ್ತದಲ್ಲ, ಅದನ್ನು ಕೊಟ್ಟವನು ಧನವಾಗಿದ್ದ, ಪಡೆದವಳು ಋಣವಾಗಿದ್ದಳು. ಧನ ಋಣ ಎಂದೂ ಒಂದನ್ನೊಂದು ಸೆಳೆಯುತ್ತವೆ. ಹಗ್ಗವಿಲ್ಲ, ಗಂಟಿಲ್ಲ, ಆದರೂ ತಾವಾಗಿ ಬಿಡಿಸಿಕೊಳ್ಳಲಾಗದಂತೆ ಇಬ್ಬರೂ ಕೂಡಿಕೊಂಡರು.

ಸುದ್ದಿ ಹಬ್ಬಿತು. ಅಲೆಯುತ್ತಿದ್ದ ಬೇರೆ ಸೋಡಿಯಂಗಳೂ ಕ್ಲೋರಿನ್‌ಗಳೂ ಹಾಗೆಯೇ ಕೊಟ್ಟು, ಹಾಗೆಯೇ ಪಡೆದು ಬಂದರು. ಒಬ್ಬ ಸೋಡಿಯಂನ ನಾಲ್ಕು ಬದಿಗೆ ನಾಲ್ವರು ಕ್ಲೋರಿನ್‌ಗಳು, ತಲೆಯ ಮೇಲೊಬ್ಬಳು, ಕಾಲಡಿಗೊಬ್ಬಳು. ಪ್ರತಿ ಕ್ಲೋರಿನ್ ಸುತ್ತಲೂ ಹಾಗೆಯೇ ಆರು ಸೋಡಿಯಂಗಳು. ಸಾಲಿಗೆ ಸಾಲು ನೇರಕ್ಕೆ ಸೇರಿ ಚೌಕನೆಯ ಬಿಳಿಯ ಹರಳಾಯಿತು.

ನೀರಮ್ಮ ಅಂಜುತ್ತಲೇ ಬಂದು ಹರಳನ್ನು ಮುಟ್ಟಿದಳು. ಬೆಂಕಿ ಏಳಲಿಲ್ಲ. ಅವಳು ಒಬ್ಬೊಬ್ಬರನ್ನೇ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಅಂದಿನಿಂದ ಸಮುದ್ರ ಉಪ್ಪಾಯಿತು. ಬಿಸಿಲಿಗೆ ನೀರು ಆರಿದಾಗ ಅವರು ಮತ್ತೆ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಅದಕ್ಕೇ ಮಗಾ, ಈಗಲೂ ನಿನ್ನ ಅಂಗೈ ಮೇಲೆ ಒಂದು ಹರಳುಪ್ಪು ಇಟ್ಟು ನೋಡಿದರೆ ಅದು ಪುಟ್ಟ ಪೆಟ್ಟಿಗೆಯ ಹಾಗೆ ಚೌಕವಾಗಿ ಕಾಣುತ್ತದೆ.